ಬಿಕ್ಕಟ್ಟಿನ ಊರಿನ ಮೇಷ್ಟ್ರುಗಳಿಗೆ ನಾಲ್ಕು ದಿನದ ತರಬೇತಿ ಕಿಟ್: 5ಕ್ಕೆ 3.5

ತುರ್ತು ಪರಿಸ್ಥಿತಿಯ ಶಿಕ್ಷಣಕ್ಕೆಂದೇ ಇರುವ ಅಂತರರಾಷ್ಟ್ರೀಯ ಜಾಲ ಐಎನ್‌ಇಇ. ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿ ಅದು ತಂದ ಈ ಕಿಟ್ 2016ರಲ್ಲಿ ಬಂತು, ಪುಕ್ಕಟೆ ಸಿಗುತ್ತದೆ. ಕಿರು ಆವೃತ್ತಿಗೆ ನಾಲ್ಕು ದಿನ: ಶಿಕ್ಷಕರ ಪಾತ್ರ ಮತ್ತು ಕ್ಷೇಮ, ಮಕ್ಕಳ ರಕ್ಷಣೆ, ಬೋಧನಾ ವಿಧಾನ, ಪಾಠ ಯೋಜನೆ. ಕೀನ್ಯಾದ ಕಕುಮಾ ಶಿಬಿರದಲ್ಲಿ ಒಂದೊಂದು ತರಗತಿಗೆ ನೂರಕ್ಕೂ ಹೆಚ್ಚು ಮಕ್ಕಳು, ಪಾಠ ಹೇಳುವವರೂ ಹೆಚ್ಚಾಗಿ ನಿರಾಶ್ರಿತರೇ. ಇದು ಅಂಥ ಶಾಲೆಗಳಿಗೆ ಹೊಲಿದ ಅಂಗಿ. ನೆರೆ ಕಂಡ ನಮ್ಮ ಊರಿನ ಶಾಲೆಗಳಿಗೆ ಎಷ್ಟು ಹೊಂದೀತು ಎಂಬುದೇ ಇಲ್ಲಿನ ಪ್ರಶ್ನೆ.

ಮೇಷ್ಟ್ರ ಕ್ಷೇಮವನ್ನು ಮೊದಲ ದಿನವೇ ಇಟ್ಟಿರುವುದು ಸರಿಯಾದ ಲೆಕ್ಕ. ನಿದ್ದೆಗೆಟ್ಟವರ ದನಿ ಏರುತ್ತದೆ, ಏರಿದ ದನಿಗೆ ಬೆದರಿದ ಮಗು ಇನ್ನಷ್ಟು ಮುದುಡುತ್ತದೆ. ಆದರೆ ಸಂಬಳವೇ ಬಾರದವರಿಗೆ, ಇನ್ನೂ ಕಾಳಜಿ ಕೇಂದ್ರದಲ್ಲೇ ಮಲಗುವವರಿಗೆ ದೀರ್ಘ ಉಸಿರಾಟ ಕಲಿಸಿದರೆ ಏನು ಬಂತು? ಸಂಬಳ, ಸೂರಿನ ಭಾಗ ಇಲಾಖೆಯ ಪಾಲಿನದು.

ಉಸಿರಾಟ ಮಾಡಿಸುವಾಗಲೂ ಎಚ್ಚರ ಬೇಕು. 'ಕಣ್ಣು ಮುಚ್ಚಿ' ಎಂದರೆ ಕೆಲವು ಮಕ್ಕಳಿಗೆ ಕಂಡದ್ದೇ ಮತ್ತೆ ಕಾಣುತ್ತದೆ. ಕಣ್ಣು ತೆರೆದೇ ಇರಲಿ, ಸುತ್ತ ಕಾಣುವ ಐದು ವಸ್ತು ಹೆಸರಿಸಲಿ. 'ನೆರೆ ಬಂದ ದಿನ ಬರೆಯಿರಿ' ಎಂಬ ಪ್ರಬಂಧವಂತೂ ಬೇಡವೇ ಬೇಡ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ದಿನದ ವೇಳಾಪಟ್ಟಿ ಬೋರ್ಡಿನ ಮೂಲೆಯಲ್ಲಿ ಬರೆದಿರಲಿ. ಮುಂದೇನು ಎಂದು ಗೊತ್ತಿದ್ದರೆ ಅರ್ಧ ದಿಗಿಲು ಇಳಿಯುತ್ತದೆ.

ಕಿಟ್‌ನ ಉದಾಹರಣೆಗಳು ಶಿಬಿರದವು, ನಮ್ಮ ಹೊಳೆದಂಡೆಗೆ ತಕ್ಕಂತೆ ಬದಲಿಸಿಕೊಳ್ಳಬೇಕು. ತಗಡಿನ ಮೇಲೆ ಮಳೆ ಬಡಿದು ಮಗು ಬಾಗಿಲತ್ತ ನೋಡಿತೆಂದರೆ ಉಕ್ತಲೇಖನ ನಿಲ್ಲಿಸಿ, 'ಇದು ಮಳೆ ಸದ್ದು, ಹೊಳೆ ಏರಿಲ್ಲ' ಎನ್ನಿ. ನೀರಿನ ಮಟ್ಟ ವಿಚಾರಿಸದೆ ಮಾತ್ರ ಹಾಗೆನ್ನಬೇಡಿ. ಒಮ್ಮೆ ಮಾತು ಸುಳ್ಳಾದರೆ ಮುಂದಿನ ಮಳೆಗೆ ಯಾರೂ ನಂಬುವುದಿಲ್ಲ.

ಮೂರು, ನಾಲ್ಕನೆಯ ದಿನಗಳು ವಿಪರೀತ ಕಿಕ್ಕಿರಿದಿವೆ. ಮೊದಲೆರಡು ದಿನದ್ದನ್ನು ಶಾಲೆ ತೆರೆಯುವ ಮುನ್ನ ಮುಗಿಸಿ, ಉಳಿದದ್ದನ್ನು ಶನಿವಾರಗಳಿಗೆ ಹಂಚುವುದು ಲೇಸು. ಕಿಟ್‌ನ ಜೊತೆಗಿರುವ, ಶಿಕ್ಷಕರೇ ಒಬ್ಬರಿಗೊಬ್ಬರು ನೆರವಾಗುವ 'ಸಹೋದ್ಯೋಗಿ ತರಬೇತಿ'ಯ ಭಾಗವನ್ನು ಬಿಟ್ಟರೆ ಎರಡೇ ವಾರದಲ್ಲಿ ಬೆತ್ತ ಮರಳುತ್ತದೆ. ಎಂಟು–ಹತ್ತು ಜನ ಕೂತು ಒಂದು ಸಮಸ್ಯೆ ಹಂಚಿಕೊಂಡರೂ ಸಾಕು, ಮುಖ್ಯೋಪಾಧ್ಯಾಯರು ವರದಿ ಕೇಳಬಾರದು ಅಷ್ಟೇ.

ಪ್ರಿಂಟ್ ಹಾಕಿಸುವಾಗ ಕೈಪಿಡಿಯ ಒಳರಟ್ಟಿನ ಮೇಲೆ ಎರಡು ನಂಬರ್ ದಪ್ಪಕ್ಷರದಲ್ಲಿ ಇರಲಿ: ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡನೆಯದು ಮೇಷ್ಟ್ರುಗಳಿಗೂ ಹೌದು, ಕನ್ನಡದಲ್ಲೇ ಮಾತಾಡಬಹುದು.