ಆಯಿಲ್‌ಗೆ ನೀರು ಸೇರಿದೆಯಾ? ಹಳೆ ಕಾರಿನಲ್ಲಿ ನಾನೇ ಮಾಡಿ ನೋಡಿದ ಪರೀಕ್ಷೆಗಳು

ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಜಿಡ್ಡು ಕಂಡ ಕೂಡಲೇ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗ, ಬಿಚ್ಚಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಆವಿ ಪಿಸ್ಟನ್ ರಿಂಗ್ ದಾಟಿ ಒಳಗೆ ಬರುತ್ತದೆ, ಎಂಜಿನ್ ಸರಿಯಾಗಿ ಕಾಯದಿದ್ದರೆ ತಣ್ಣಗಿರುವ ಮುಚ್ಚಳಕ್ಕೇ ಅಂಟಿಕೊಳ್ಳುತ್ತದೆ. ಮೊದಲ ಸಲ ನನಗೆ ಆಗಿದ್ದು ಇದೇ. ಮುಚ್ಚಳ ಒರೆಸಿ ಒಂದು ಗಂಟೆ ಓಡಿಸಿದೆ, ಮತ್ತೆ ಬರಲಿಲ್ಲ.

ಎರಡನೇ ಸಲ ಹಾಗಲ್ಲ. ಮುಚ್ಚಳ ಶುಚಿಯಾಗಿಯೇ ಇತ್ತು, ಆದರೆ ರೇಡಿಯೇಟರ್‌ನಲ್ಲಿ ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಇಳಿಯುತ್ತಿತ್ತು, ಅಳೆಯುವ ಕಡ್ಡಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿತ್ತು.

ಮೊದಲು ಬಿಸಿ ತಟ್ಟೆ. 150 ಡಿಗ್ರಿ ದಾಟಿದ ಲೋಹದ ತಟ್ಟೆಯ ಮೇಲೆ ಎರಡು ಹನಿ ಆಯಿಲ್ ಬಿಟ್ಟೆ, ಚಟಪಟ ಅಂದಿತು. ನೀರಿದೆ ಅನ್ನೋದು ಗೊತ್ತಾಯಿತು, ಆದರೆ ಅದು ಆವಿಯ ನೀರೋ ಕೂಲಂಟೋ ಅಂತ ಇದು ಹೇಳುವುದಿಲ್ಲ. ಮಾಡುವುದಾದರೆ ಹೊರಗೆ, ಕನ್ನಡಕ ಹಾಕಿಕೊಂಡೇ ಮಾಡಿ, ಹನಿ ಸಿಡಿಯುತ್ತದೆ.

ಇದಕ್ಕಿಂತ ಜಾಸ್ತಿ ಹೇಳಿದ್ದು ಎಂಜಿನ್ ಕೆಳಗೆ ಆಯಿಲ್ ಬಸಿಯುವ ಡ್ರೈನ್ ಬೋಲ್ಟ್. ಕಾರನ್ನು ರಾತ್ರಿಯಿಡೀ ಅಲುಗಾಡಿಸದೆ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಬೋಲ್ಟನ್ನು ನಿಧಾನವಾಗಿ ಸಡಿಲಿಸಿದೆ. ನೀರು ಆಯಿಲ್‌ಗಿಂತ ಭಾರ, ಕೆಳಗೆ ಕೂತಿರುತ್ತದೆ, ಮೊದಲು ಅದೇ ಬರುತ್ತದೆ. ಒಂದೆರಡು ಚಮಚ ಹಸಿರು ನೀರು ಬಂತು. ನನ್ನ ಕೂಲಂಟ್ ಹಸಿರು, ಇನ್ನೇನು ಅನುಮಾನ? ಕದಡಿ ಬೆರೆತುಹೋಗಿದ್ದರೆ ಮಾತ್ರ ಹೀಗೆ ಬೇರೆಯಾಗಿ ಬರುವುದಿಲ್ಲ, ಆಗ ಲ್ಯಾಬ್‌ಗೆ ಕಳಿಸುವುದು ಒಳ್ಳೆಯದು, ಕೂಲಂಟ್‌ನಲ್ಲಿರುವ ಗ್ಲೈಕಾಲ್ ಅನ್ನೋ ರಾಸಾಯನಿಕ ಇದೆಯಾ ಅಂತ ಅವರು ಹೇಳುತ್ತಾರೆ.

ಆಮೇಲೆ ರೇಡಿಯೇಟರ್ ಬಾಯಿಗೆ ಇಡುವ ನೀಲಿ ದ್ರವದ ಪರೀಕ್ಷೆ. ಉರಿದ ಗಾಳಿ ಕೂಲಂಟ್‌ಗೆ ಸೇರುತ್ತಿದ್ದರೆ ದ್ರವ ಹಳದಿಯಾಗಬೇಕು. ನನ್ನದು ನೀಲಿಯಾಗಿಯೇ ಉಳಿಯಿತು. ಇಲ್ಲೇ ತುಂಬಾ ಜನ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಸರಿಯಿದೆ, ಎಂಜಿನ್ ಸರಿಯಿದೆ ಅಂತ ನಿಂತುಬಿಡುತ್ತಾರೆ. ಸೋರಿಕೆ ಸಿಲಿಂಡರ್‌ನ ಬೆಂಕಿ ಉರಿಯುವ ಜಾಗವನ್ನು ಮುಟ್ಟದೆ ನೇರ ಸಂಪ್‌ಗೆ, ಅಂದರೆ ಎಂಜಿನ್ ಬುಡದ ಆಯಿಲ್ ತೊಟ್ಟಿಗೆ, ಇಳಿಯುತ್ತಿದ್ದರೆ ಈ ಪರೀಕ್ಷೆಗೆ ಅದು ಕಾಣಿಸುವುದೇ ಇಲ್ಲ.

ಜಾಗ ತೋರಿಸಿದ್ದು ಪ್ರೆಶರ್ ಪಂಪ್. ಇದೊಂದಕ್ಕೆ ನನ್ನ ಪೂರ್ತಿ ಮತ. ಎಂಜಿನ್ ತಣ್ಣಗಿದ್ದಾಗ ಸಂಪ್ ಬಿಚ್ಚಿಟ್ಟು, ರೇಡಿಯೇಟರ್‌ಗೆ ಪಂಪ್ ಹಾಕಿ, ರೇಡಿಯೇಟರ್ ಮುಚ್ಚಳದ ಮೇಲೆ ಬರೆದಷ್ಟೇ, ನನ್ನದರಲ್ಲಿ 7 ಪಿಎಸ್‌ಐ, ಒತ್ತಡ ಕೊಟ್ಟೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಹಳೆ ರೇಡಿಯೇಟರ್ ಬೆಸುಗೆಯೇ ಬಿಡಬಹುದು. ಟಾರ್ಚ್ ಹಿಡಿದು ಕೆಳಗೆ ಮಲಗಿ ಕಾದೆ, ಪಂಪಿನ ಮೀಟರ್ ಮುಳ್ಳು ಮೆಲ್ಲಗೆ ಇಳಿಯಿತು, ಅರ್ಧ ಗಂಟೆ ಕಳೆದ ಮೇಲೆ ಮೂರನೇ ಸಿಲಿಂಡರ್ ಲೈನರ್‌ನ ಬುಡದಿಂದ ಒಂದು ಹನಿ ಜಾರಿತು. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ. ನನ್ನದು ವೆಟ್ ಲೈನರ್ ಎಂಜಿನ್, ಲೈನರ್ ಹೊರಮೈಗೆ ನೇರವಾಗಿ ಕೂಲಂಟ್ ತಾಗುತ್ತದೆ, ಬುಡದ ಸೀಲ್ ಸೋತಿತ್ತು. ಹೆಡ್ ಗ್ಯಾಸ್ಕೆಟ್ ಮಾತ್ರ ಬದಲಾಯಿಸಿದ್ದರೆ ಆ ಕೆಲಸವೆಲ್ಲ ದಂಡ.

ಗೊತ್ತಾಗುವ ತನಕ ಸುಮ್ನೆ ಓಡಿಸುತ್ತಾ ಇರಬೇಡಿ, ಗ್ಲೈಕಾಲ್ ಸೇರಿದ ಆಯಿಲ್ ಬೇರಿಂಗ್‌ಗಳನ್ನು ಬೇಗ ತಿಂದುಬಿಡುತ್ತದೆ. ಸೀಲ್ ಹಾಕಿದ ಮೇಲೆ ನಾನು ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ಎಂಜಿನ್ ಕಾಯುವಷ್ಟು ಓಡಿಸಿ, ಅದನ್ನೂ ಚೆಲ್ಲಿ ಇನ್ನೊಮ್ಮೆ ತುಂಬಿದೆ.