ಬೀಜದಿಂದ ಚೆಂಡು ಹೂ: ಆಫ್ರಿಕನ್ ಹಾಕೋದಾ, ಫ್ರೆಂಚ್ ಹಾಕೋದಾ?

ಹೆಸರು ಏನೇ ಇರಲಿ, ಎರಡರ ಮೂಲವೂ ಅಮೆರಿಕ ಖಂಡ. ಬಿತ್ತನೆಯಲ್ಲೂ ವ್ಯತ್ಯಾಸವಿಲ್ಲ: ಅರ್ಧ ಸೆಂಟಿಮೀಟರ್ ಆಳ, ಹದವಾದ ತೇವ, ಬೆಚ್ಚಗಿನ ಮಣ್ಣು. ಸಾಮಾನ್ಯವಾಗಿ ಒಂದು ವಾರದೊಳಗೆ ಮೊಳಕೆ ಬರುತ್ತದೆ.

ವ್ಯತ್ಯಾಸ ಶುರುವಾಗುವುದು ಆಮೇಲೆ. ಫ್ರೆಂಚ್ ಗಿಡ ಒಂದು ಅಡಿ ದಾಟುವುದು ಅಪರೂಪ. ಎರಡು ತಿಂಗಳೊಳಗೆ ಹೂ ಬಿಡುತ್ತದೆ. ಹೂ ಚಿಕ್ಕದು, ಆದರೆ ಜಾಸ್ತಿ. ಆಫ್ರಿಕನ್ ಗಿಡ ಎರಡು ಮೂರು ಅಡಿ ಬೆಳೆಯುತ್ತದೆ, ಹೂವಿಗೆ ಇನ್ನೂ ಕೆಲವು ವಾರ ಕಾಯಬೇಕು. ಆದರೆ ಆ ದಪ್ಪ ಚೆಂಡು ಕೈಯಲ್ಲಿ ಹಿಡಿದಾಗ ಕಾದದ್ದು ಸಾರ್ಥಕ ಅನ್ನಿಸುತ್ತದೆ!

ಮಳೆಯನ್ನು ಮರೆಯಬೇಡಿ. ದೊಡ್ಡ ಹೂ ನೀರು ಹೀರಿ ಭಾರವಾಗುತ್ತದೆ, ಕಾಂಡ ಬಾಗುತ್ತದೆ, ಕೆಲವೊಮ್ಮೆ ಹೂ ಒಳಗೇ ಕೊಳೆಯುತ್ತದೆ. ಎತ್ತರದ ಗಿಡಕ್ಕೆ ಊರುಗೋಲು ಕೊಡಿ. ಫ್ರೆಂಚ್‌ಗೆ ಈ ತೊಂದರೆ ಕಡಿಮೆ.

ಕುಂಡ ಮಾತ್ರ ಇದ್ದರೆ, ಅಥವಾ ಇದೇ ಮೊದಲ ಸಲವಾದರೆ, ಫ್ರೆಂಚ್ ಹಾಕಿ. 20 ಸೆಂಟಿಮೀಟರ್ ಅಂತರ ಸಾಕು. ನೆಲದಲ್ಲಿ ಜಾಗವಿದ್ದು ಹಾರ ಕಟ್ಟುವ ಆಸೆ ಇದ್ದರೆ ಆಫ್ರಿಕನ್ನೇ ಸರಿ. ಅದಕ್ಕೆ 40 ಸೆಂಟಿಮೀಟರ್ ಬಿಡಿ, ಎಳೆಯದರಲ್ಲೇ ತುದಿ ಚಿವುಟಿ. ಕೊಂಬೆ ಜಾಸ್ತಿ ಬರುತ್ತದೆ.

ಬೀಜ ಉಳಿಸಿಕೊಳ್ಳೋರು ಹೈಬ್ರಿಡ್ ಪೊಟ್ಟಣ ಬಿಡಿ. ಅದರ ಬೀಜದಿಂದ ಮುಂದಿನ ಸಲ ಅದೇ ಹೂ ಬರುವ ಖಾತ್ರಿ ಇಲ್ಲ.