ಯೂನಿಫಾರ್ಮಿನವರ ಕ್ರಿಸ್‌ಮಸ್ ಪ್ರೇಮಕಥೆಗಳು: ನಾಲ್ಕರಲ್ಲಿ ಮೊದಲು ಯಾವುದು?

ಒಂದನ್ನೇ ನೋಡುವಷ್ಟು ಬಿಡುವಿದ್ದರೆ ‘ಆಪರೇಷನ್ ಕ್ರಿಸ್‌ಮಸ್ ಡ್ರಾಪ್’ (2020) ನೋಡಿ. ಎರಡನೆಯದಕ್ಕೂ ಪುರುಸೊತ್ತಿದ್ದರೆ ‘ದಿ ಕ್ರಿಸ್‌ಮಸ್ ಕಾರ್ಡ್’ (2006), ಆದರೆ ಅದನ್ನು ಇಲ್ಲಿ ಕೂತು ನೋಡುವುದು ಸಲೀಸಲ್ಲ. ಆ ತಾಪತ್ರಯವನ್ನು ಕೆಳಗೆ ವಿವರವಾಗಿಯೇ ಬರೆದಿದ್ದೇನೆ. ‘ಎ ವೆಟರನ್ಸ್ ಕ್ರಿಸ್‌ಮಸ್’ (2018) ಮತ್ತು ‘ಕ್ರಿಸ್‌ಮಸ್ ಹೋಮ್‌ಕಮಿಂಗ್’ (2017) ಆಮೇಲಿನ ಮಾತು.

ಅಮೆರಿಕದಲ್ಲಿ ನವೆಂಬರ್ ಬಂತೆಂದರೆ ಟಿವಿಗೆಂದೇ ಮಾಡಿದ ಇಂಥ ಸಿನಿಮಾಗಳು ಸಾಲಾಗಿ ಬರುತ್ತವೆ. ಸಣ್ಣ ಊರು, ಹಿಮ, ಕೊನೆಯಲ್ಲೊಂದು ಮುತ್ತು ಎಲ್ಲದರಲ್ಲೂ ಇದ್ದದ್ದೇ. ಹಾಗಾಗಿ ನಾನು ಅಳೆಯುವುದು ಒಂದೇ ಅಳತೆಯಿಂದ. ನಾಯಕನೋ ನಾಯಕಿಯೋ ಸೈನ್ಯದಲ್ಲಿದ್ದಾರೆ ಎನ್ನುವುದರಿಂದ ಕಥೆಗೆ ಏನಾಯಿತು? ಯೂನಿಫಾರ್ಮ್ ತೆಗೆದು ಮೇಷ್ಟರ ಅಂಗಿ ಹಾಕಿದರೂ ಕಥೆ ಹಾಗೇ ನಡೆಯುತ್ತದೆ ಎಂದಾದರೆ ಅದು ಬರೀ ವೇಷ.

‘ಆಪರೇಷನ್ ಕ್ರಿಸ್‌ಮಸ್ ಡ್ರಾಪ್’ನಲ್ಲಿ ಹಾಗೆ ಬದಲಿಸಲು ಬರುವುದಿಲ್ಲ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿರುವ ಅಮೆರಿಕದ ಆಂಡರ್ಸನ್ ವಾಯುನೆಲೆಯನ್ನು ಮುಚ್ಚಬಹುದೇ ಎಂದು ಪರಿಶೀಲಿಸಲು ಸಂಸದೆಯೊಬ್ಬರ ಸಹಾಯಕಿ (ಕ್ಯಾಟ್ ಗ್ರಹಾಂ) ಬರುತ್ತಾಳೆ. ದ್ವೀಪಗಳಿಗೆ ವಿಮಾನದಿಂದ ಸಾಮಾನು ಇಳಿಸುವ ಕ್ಯಾಪ್ಟನ್ (ಅಲೆಕ್ಸಾಂಡರ್ ಲುಡ್ವಿಗ್) ಅವಳಿಗೆ ನೆಲೆ ಸುತ್ತಿಸಬೇಕು. ಖರ್ಚು ಕಡಿಮೆ ಮಾಡುವ ಕೆಲಸ ಅವಳದ್ದು, ಖರ್ಚು ಎನ್ನಿಸಿಕೊಳ್ಳುವ ಕೆಲಸ ಅವನದ್ದು. ಪ್ರೀತಿಗೆ ಅಡ್ಡ ಬರುವುದು ತಪ್ಪು ತಿಳಿವಳಿಕೆಯಲ್ಲ, ಕೆಲಸವೇ. ಚಿತ್ರೀಕರಣವೂ ಆ ನೆಲೆಯಲ್ಲೇ ನಡೆದದ್ದರಿಂದ ಹಿನ್ನೆಲೆಯ ವಿಮಾನಗಳು, ಹ್ಯಾಂಗರು, ಬೆವರು ಎಲ್ಲ ಅಸಲಿ.

ಈ ಸಾಮಾನು ಇಳಿಸುವ ಕೆಲಸವಂತೂ ಕಟ್ಟುಕಥೆಯಲ್ಲ. 1952ರ ಡಿಸೆಂಬರಿನಲ್ಲಿ ಬಿ-29 ವಿಮಾನವೊಂದು ಕಪಿಂಗಮರಂಗಿ ಎಂಬ ಹವಳದ ದ್ವೀಪದ ಮೇಲೆ ಹಾರುತ್ತಿತ್ತು. ಕೆಳಗಿದ್ದ ಜನ ಕೈ ಬೀಸಿದರು. ವಿಮಾನದಲ್ಲಿದ್ದವರು ಕೈಗೆ ಸಿಕ್ಕ ಸಾಮಾನನ್ನೆಲ್ಲ ಗಂಟು ಕಟ್ಟಿ, ಪ್ಯಾರಾಚೂಟ್ ಹಾಕಿ ಕೆಳಗೆ ಬಿಟ್ಟರು. ಅಂದಿನಿಂದ ಅದು ಪದ್ಧತಿಯಾಗಿಬಿಟ್ಟಿತು. ಈಗ ಸಿ-130ಜೆ ವಿಮಾನಗಳು ಮೈಕ್ರೊನೇಷ್ಯಾದ 50ಕ್ಕೂ ಹೆಚ್ಚು ದ್ವೀಪಗಳ ಮೇಲೆ ಸುಮಾರು 20,000 ಜನರಿಗೆ ಸಾಮಾನು ಇಳಿಸುತ್ತವೆ. ಒಂದೊಂದು ಕಟ್ಟೂ ಹೆಚ್ಚುಕಡಿಮೆ 180 ಕಿಲೋ: ಅಕ್ಕಿ, ಡಬ್ಬಿ ಆಹಾರ, ಮೀನಿನ ಬಲೆ, ಬಟ್ಟೆ, ಶಾಲೆಯ ಪುಸ್ತಕ, ಆಟದ ಸಾಮಾನು. ಪೆಟ್ಟಿಗೆಗೆ ಪಟ್ಟಿ ಬಿಗಿದು, ಮೇಲೆ ಪ್ಯಾರಾಚೂಟ್ ಕಟ್ಟಿ, ಅದರ ಎಳೆಯ ತುದಿಯನ್ನು ವಿಮಾನದೊಳಗಿನ ತಂತಿಗೆ ಸಿಕ್ಕಿಸುತ್ತಾರೆ. ಹಿಂಬದಿಯ ಬಾಗಿಲು ತೆರೆದು ಉರುಳೆಗಳ ಮೇಲೆ ತಳ್ಳಿದರೆ ಪೆಟ್ಟಿಗೆಯ ಭಾರವೇ ಪ್ಯಾರಾಚೂಟನ್ನು ಬಿಚ್ಚುತ್ತದೆ. ದಡದ ಹತ್ತಿರದ ನೀರಿಗೆ ಬಿದ್ದದ್ದನ್ನು ದೋಣಿಯಲ್ಲಿ ಹೋಗಿ ಎಳೆದು ತರುತ್ತಾರೆ. ಪ್ಯಾರಾಚೂಟಿನ ಬಟ್ಟೆ ಕೂಡ ಹಾಳಾಗುವುದಿಲ್ಲ, ದೋಣಿಗೋ ಮನೆಗೋ ಹೊದಿಕೆಯಾಗುತ್ತದೆ.

ಸರ್ಕಾರದ ದುಡ್ಡು ಯಾಕೆ ಸುಡಬೇಕು ಎಂಬ ನಾಯಕಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಸಾಮಾನು ದಾನಿಗಳದ್ದು. ಮೊದಲೇ ಸಿದ್ಧಪಡಿಸಿಟ್ಟ ಜಾಗವಲ್ಲದ ಕಡೆ ತಗ್ಗಿನಲ್ಲಿ ಹಾರಿ ಪೆಟ್ಟಿಗೆ ಇಳಿಸುವುದು ಪೈಲಟ್‌ಗಳಿಗೆ ಹೇಗೂ ಬೇಕಾದ ತರಬೇತಿ. ವಾಯುಪಡೆ ಅದನ್ನು ಇಲ್ಲೇ ಮಾಡಿ ಮುಗಿಸುತ್ತದೆ. ಇಷ್ಟು ಗೊತ್ತಿದ್ದು ನೋಡಿದರೆ ನಾಯಕ ನಾಯಕಿಯರ ವಾದವಿವಾದಕ್ಕೆ ತೂಕ ಬರುತ್ತದೆ.

ಕೊರತೆ ಇಲ್ಲವೆಂದಲ್ಲ. ದ್ವೀಪದ ಜನ ಸ್ವಾಗತಿಸುವುದಕ್ಕೆ, ನಗುವುದಕ್ಕೆ ಬರುತ್ತಾರೆಯೇ ಹೊರತು ಅವರ ಮನೆಯೊಳಗೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದು ನಿಜಕ್ಕೂ ನಷ್ಟ.

ಇನ್ನು ‘ದಿ ಕ್ರಿಸ್‌ಮಸ್ ಕಾರ್ಡ್’. ಅಫ್ಘಾನಿಸ್ತಾನದಲ್ಲಿರುವ ಸೈನಿಕನಿಗೆ (ಜಾನ್ ನ್ಯೂಟನ್) ಕ್ಯಾಲಿಫೋರ್ನಿಯಾದ ನೆವಾಡಾ ಸಿಟಿಯಿಂದ ಅಪರಿಚಿತ ಹುಡುಗಿಯ (ಆಲಿಸ್ ಇವಾನ್ಸ್) ಕಾರ್ಡ್ ಬರುತ್ತದೆ. ರಜೆಯಲ್ಲಿ ಅವಳ ಊರಿಗೆ ಬಂದು, ಅವಳ ತಂದೆಯ ಮರದ ಮಿಲ್ಲಿನಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. ಆ ತಂದೆಯ ಪಾತ್ರದಲ್ಲಿ ಎಡ್ ಆಸ್ನರ್. ಈ ಪಾತ್ರಕ್ಕೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನವೂ ಸಿಕ್ಕಿತು. ನಾಲ್ಕು ಸಿನಿಮಾಗಳಲ್ಲಿ ಅತ್ಯುತ್ತಮ ನಟನೆ ಯಾರದ್ದು ಎಂದರೆ ಹಿಂದೆಮುಂದೆ ನೋಡದೆ ಇವರದ್ದೇ.

ಕಾರ್ಡಿನ ವಿಷಯದಲ್ಲಿ ಒಂದು ಮಾತು. ಹೆಸರಿಲ್ಲದೆ ‘ಯಾವುದೇ ಸೈನಿಕರಿಗೆ’ ಎಂದು ಪತ್ರ ಹಾಕುವ ವ್ಯವಸ್ಥೆಯನ್ನು ಅಮೆರಿಕದ ರಕ್ಷಣಾ ಇಲಾಖೆ 2001ರ ಅಕ್ಟೋಬರಿನಲ್ಲಿ, ಅಂಚೆಯಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗಾಣು ಬರುತ್ತಿದ್ದ ಭಯದಲ್ಲಿ, ನಿಲ್ಲಿಸಿತು. ಆಮೇಲೆ ಸಂಘಸಂಸ್ಥೆಗಳೋ ಚರ್ಚುಗಳೋ ಹೆಸರು ಗೊತ್ತಿರುವ ಒಬ್ಬ ಸೈನಿಕರ ವಿಳಾಸಕ್ಕೆ ಪೆಟ್ಟಿಗೆ ಕಳಿಸಿ, ಅವರ ಕೈಯಿಂದ ಹಂಚಿಸುವುದು ರೂಢಿಯಾಯಿತು. ನಮ್ಮಲ್ಲಿ ಮನೆಯವರು ಸೈನ್ಯದಲ್ಲಿದ್ದರೆ ‘ಕೇರ್ ಆಫ್ 56 ಎಪಿಒ’ (ಸೇನಾ ಅಂಚೆ ಕಚೇರಿ) ಎಂದು ಬರೆದು ರೂಢಿ. ಕೊಡಗಿನಲ್ಲಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದವರದ್ದೂ ಎಪಿಒ ಪದ್ಧತಿಯೇ, ಹೊರದೇಶಕ್ಕೆ ಹೋದರೂ ಒಳನಾಡಿನ ಅಂಚೆ ದರ.

ಈಗ ತಾಪತ್ರಯ. ಈ ಸಿನಿಮಾದ ಡಿವಿಡಿಯನ್ನು ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸಿದರೆ, ಇಲ್ಲಿನ ಪ್ಲೇಯರಿಗೆ ಹಾಕಿದ ತಕ್ಷಣ ‘ಪ್ರದೇಶ ತಪ್ಪು’ ಎಂಬ ಸಂದೇಶ ಬಂದು ನಿಂತುಬಿಡುವ ಸಾಧ್ಯತೆಯೇ ಹೆಚ್ಚು. ಡಿವಿಡಿಗಳಿಗೆ ಜಗತ್ತನ್ನು ಸಂಖ್ಯೆ ಕೊಟ್ಟ ಪ್ರದೇಶಗಳಾಗಿ ಹಂಚಿದ್ದಾರೆ, ಒಂದು ಪ್ರದೇಶದ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಅಮೆರಿಕದ ಡಿಸ್ಕು ಪ್ರದೇಶ 1, ಭಾರತ ಪ್ರದೇಶ 5. ಡಿಸ್ಕಿನ ಪೆಟ್ಟಿಗೆಯ ಹಿಂದೆ ಸಣ್ಣ ಭೂಗೋಳದ ಚಿತ್ರದೊಳಗೆ ಈ ಸಂಖ್ಯೆ ಇರುತ್ತದೆ. ‘ಆಲ್’ ಎಂದಿದ್ದರೆ ಎಲ್ಲೂ ಓಡುತ್ತದೆ. ಕೊಳ್ಳುವ ಮುಂಚೆ ಇದೊಂದನ್ನು ಫೋಟೋ ತೆಗೆದು ಕಳಿಸಲು ಹೇಳಿ.

ತಂದಾಗಿದೆ, ಓಡುತ್ತಿಲ್ಲ ಎಂದರೆ ಕಂಪ್ಯೂಟರಿನ ಡಿವಿಡಿ ಡ್ರೈವೇ ಗತಿ. ಇಲ್ಲಿ ಅವಸರ ಮಾಡಬೇಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಡ್ರೈವಿನ ಪ್ರಾಪರ್ಟೀಸ್‌ಗೆ ಹೋದರೆ ಪ್ರದೇಶ ಬದಲಿಸಲು ಅವಕಾಶವಿದೆ, ಆದರೆ ಒಟ್ಟು ಐದು ಸಲ ಮಾತ್ರ. ಐದನೆಯ ಸಲ ಯಾವ ಸಂಖ್ಯೆ ಇಟ್ಟಿರೋ ಡ್ರೈವು ಅಲ್ಲೇ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತದೆ. ವಿಂಡೋಸ್ ಮತ್ತೆ ಹಾಕಿದರೂ ಪ್ರಯೋಜನವಿಲ್ಲ, ಲೆಕ್ಕ ಇರುವುದು ಡ್ರೈವಿನೊಳಗೆ. ಇಂದು ಅಮೆರಿಕದ ಡಿಸ್ಕು, ನಾಳೆ ಮಕ್ಕಳ ಡಿಸ್ಕು ಎಂದು ಬದಲಿಸುತ್ತ ಹೋದರೆ ಐದು ಮುಗಿಯಲು ಒಂದು ವಾರ ಸಾಕು.

ಹಾಗಾಗಿ ಮೊದಲು ಏನನ್ನೂ ಬದಲಿಸದೆ ವಿಎಲ್‌ಸಿ ಎಂಬ ಉಚಿತ ವಿಡಿಯೊ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿ. ಹಲವು ಡ್ರೈವುಗಳಲ್ಲಿ ಅದು ಪ್ರದೇಶ ಕೇಳದೆ ಓಡಿಸುತ್ತದೆ. ಆಗದಿದ್ದರೆ ಹಳೆಯದೊಂದು ಯುಎಸ್‌ಬಿ ಡ್ರೈವ್ ಹೊಂದಿಸಿ, ಅದಕ್ಕೆ ಪ್ರದೇಶ 1 ಇಟ್ಟು, ಆ ಡಿಸ್ಕುಗಳಿಗೇ ಮೀಸಲಿಡಿ. ಓಡತೊಡಗಿದ ಮೇಲೆ, ಯಾರಾದರೂ ನಡೆದಾಡುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಡಿಸ್ಕು ಕೆಟ್ಟಿದೆ ಎಂದುಕೊಳ್ಳಬೇಡಿ. ಟಿವಿಗೆಂದು ಸಾಲು ಬಿಟ್ಟು ಸಾಲು ದಾಖಲಿಸಿದ ಚಿತ್ರ ಕಂಪ್ಯೂಟರಿನಲ್ಲಿ ಹಾಗೆ ಕಾಣುತ್ತದೆ. ವಿಎಲ್‌ಸಿಯಲ್ಲಿ ‘ಡಿ’ ಒತ್ತಿದರೆ ಸರಿಹೋಗುತ್ತದೆ. ಎಂಟು ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗುವುದೂ ದೋಷವಲ್ಲ, ಅದು ಜಾಹೀರಾತು ಬರುತ್ತಿದ್ದ ಜಾಗ.

‘ಎ ವೆಟರನ್ಸ್ ಕ್ರಿಸ್‌ಮಸ್’ನಲ್ಲಿ ಯುದ್ಧದಿಂದ ಮರಳುವವಳು ನಾಯಕಿ (ಎಲೈಜಾ ಟೇಲರ್), ಶೋಧನಾಯಿಯ ಜೊತೆ ಕೆಲಸ ಮಾಡಿದವಳು. ಅವಳನ್ನು ಕಾಡುವುದು ಆ ನಾಯಿಯ ನೆನಪು. ನಾಯಿಯ ಹೆಸರು ಕ್ರಿಸ್‌ಮಸ್. ಈ ಎಳೆ ಚೆನ್ನಾಗಿದೆ, ಯಾಕೆಂದರೆ ನಿವೃತ್ತ ಸೇನಾನಾಯಿಯನ್ನು ಅದರ ಜೊತೆಗಾರರೇ ಸಾಕಿಕೊಳ್ಳಲು ದಾರಿ ತೆರೆದದ್ದು 2000ದ ಕಾನೂನು. ಆದರೆ ಅಮೆರಿಕದ ಸೈನ್ಯದಲ್ಲಿ ನಾಯಿ ನಡೆಸುವವರು ಸಾಮಾನ್ಯವಾಗಿ ಅಧಿಕಾರಿಗಳಲ್ಲ, ಕೆಳ ಶ್ರೇಣಿಯವರು. ಇವಳನ್ನು ಕ್ಯಾಪ್ಟನ್ ಮಾಡಿದ್ದು ಕಣ್ಣಿಗೆ ಚುಚ್ಚುತ್ತದೆ. ಕಾರು ಕೆಟ್ಟು ಊರಿನಲ್ಲಿ ಉಳಿಯುವುದು, ಅಲ್ಲಿನ ನ್ಯಾಯಾಧೀಶನ (ಷಾನ್ ಫ್ಯಾರಿಸ್) ಪರಿಚಯ, ಇವೆಲ್ಲ ಹಳೆಯ ದಾರಿ.

‘ಕ್ರಿಸ್‌ಮಸ್ ಹೋಮ್‌ಕಮಿಂಗ್’ ಸೈನಿಕನ ವಿಧವೆ (ಜೂಲಿ ಬೆಂಜ್) ಮತ್ತು ಗಾಯಗೊಂಡ ಕ್ಯಾಪ್ಟನ್ ಸೇರಿ ಊರಿನ ಸೇನಾ ವಸ್ತುಸಂಗ್ರಹಾಲಯ ಉಳಿಸುವ ಕಥೆ. ಜೂಲಿ ಬೆಂಜ್ ಇಷ್ಟವಾದರೆ ಸರಿ, ಇಲ್ಲದಿದ್ದರೆ ಬಿಡಿ.

ಖರ್ಚಿನ ಲೆಕ್ಕ ಹಾಕಿದರೂ ನನ್ನ ಆಯ್ಕೆ ಬದಲಾಗುವುದಿಲ್ಲ. ‘ಆಪರೇಷನ್ ಕ್ರಿಸ್‌ಮಸ್ ಡ್ರಾಪ್’ ನೆಟ್‌ಫ್ಲಿಕ್ಸ್‌ನದ್ದೇ ಚಿತ್ರ, ಡಿಸ್ಕಿನ ಗೊಡವೆಯಿಲ್ಲ. 2021ರ ಡಿಸೆಂಬರಿನಲ್ಲಿ ದರ ಇಳಿಸಿದಾಗ ಮೊಬೈಲ್ ಪ್ಲಾನ್ 149 ರೂಪಾಯಿ, ಟಿವಿಯಲ್ಲೂ ನೋಡಬಹುದಾದ ಬೇಸಿಕ್ 199 ರೂಪಾಯಿ ಆಯಿತು. ಮನೆಮಂದಿ ಒಟ್ಟಿಗೆ ನೋಡುವುದಾದರೆ ಬೇಸಿಕ್ಕೇ ಬೇಕು, ಮೊಬೈಲ್ ಪ್ಲಾನ್ ಟಿವಿಗೆ ಬರುವುದಿಲ್ಲ. ಜಾಹೀರಾತಿನ ಕಪ್ಪು ತೆರೆಯೂ ಇಲ್ಲ, ರಾತ್ರಿ ಊಟ ಮುಗಿಸಿ ಕೂತರೆ ಒಂದೇ ಪಟ್ಟಿಗೆ ಮುಗಿಯುತ್ತದೆ. ಮಕ್ಕಳು ಜೊತೆಗಿದ್ದರೆ ಮೊದಲೇ ಭೂಪಟ ತೆಗೆದು ಗುವಾಮ್ ತೋರಿಸಿ, ಅಲ್ಲಿಂದ ಬೆರಳನ್ನು ಕೆಳಗೆ ಸಮಭಾಜಕ ವೃತ್ತದ ಕಡೆ ಎಳೆದು ಕಪಿಂಗಮರಂಗಿ ಹುಡುಕಲು ಹೇಳಿ. ಬಹಳಷ್ಟು ಭೂಪಟಗಳಲ್ಲಿ ಅದೊಂದು ಚುಕ್ಕೆ ಮಾತ್ರ.